ಖಾಲಚಿ ಜಾಗಾ

ಜಾಗ ತೋರಿಸಲು ಹೋಗುವ ಮನುಷ್ಯ ಕಾಲಿಗೆ ಏನು ಹಾಕಿಕೊಳ್ಳಬೇಕು ಎಂಬ ಪ್ರಶ್ನೆ ಶಬ್ಬೀರನ ಬೆಳಗನ್ನು ಅರ್ಧ ತಿಂದುಹಾಕಿತ್ತು. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೋದರೆ ಕೊಳ್ಳುವವನು ಮೊದಲ ನೋಟಕ್ಕೇ ತಿಳಿದುಕೊಳ್ಳುತ್ತಾನೆ, ಇವನಿಗೆ ಗರಜು ಇದೆ, ಎಳೆದಷ್ಟೂ ಬಗ್ಗುತ್ತಾನೆ ಎಂದು. ಮಗಳು ಖುಶ್ನುಮಾಳ ಮದುವೆಗೆ ಕೊಂಡಿದ್ದ ಕಪ್ಪು ಬೂಟುಗಳು ಕಪಾಟಿನ ಮೇಲೆ ರಟ್ಟಿನ ಡಬ್ಬಿಯಲ್ಲಿದ್ದವು. ಅವನ್ನು ಇಳಿಸಿ, ಧೂಳು ಒರೆಸಿ, ಹಾಕಿಕೊಂಡು ನಡುಮನೆಯಲ್ಲಿ ನಾಲ್ಕು ಹೆಜ್ಜೆ ನಡೆದ. ಬೂಟು ಹಾಕಿಕೊಂಡವನು ನಿಂತ ನೆಲ ಒಣ ನೆಲ, ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ. ಈ ಉಪಾಯ ಹೊಳೆದದ್ದಕ್ಕೆ ಮೊದಲು ಖುಷಿಯಾಯಿತು, ಆಮೇಲೆ ನಾಚಿಕೆಯಾಯಿತು, ನಾಚಿಕೆಯಾದ ಮೇಲೂ ಬೂಟು ಬಿಚ್ಚಲಿಲ್ಲ. ಏಪ್ರಿಲ್ ತಿಂಗಳು. ಖಾನಾಪುರದಾಚೆ ಗುಂಜಿಯ ಆ ಜಾಗ ಈಗ ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟುಕೊಂಡು ಬಿದ್ದಿರುತ್ತದೆ. ಜೂನ್ ಕೊನೆಗೆ ಅಲ್ಲಿ ನೀರು ನಿಲ್ಲಲು ಶುರುವಾದರೆ ದಸರೆಯವರೆಗೆ ಕದಲುವುದಿಲ್ಲ. ಅದು ಅವನಿಗೆ ಗೊತ್ತು, ಆ ಊರಿನವರಿಗೆ ಗೊತ್ತು. ಇವತ್ತು ನೋಡಲು ಬರುವ ಗುರುಪುತ್ರಪ್ಪನೊಬ್ಬನಿಗೆ ಗೊತ್ತಾಗದಿದ್ದರೆ ಸಾಕಿತ್ತು.

ಮರಿಯಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬೂಟುಗಳನ್ನು ನೋಡಿದಳು. ಏನಾದರೂ ಅನ್ನುತ್ತಾಳೆಂದು ಕಾದ. "ಗಿರಣಿಗೆ ಹೋಗಬೇಕ್ರಿ, ಐವತ್ತು ರೂಪಾಯಿ ಇಟ್ಟು ಹೋಗ್ರಿ" ಅಂದಳು. ಅವನ ಬಳಿ ನೂರರ ನೋಟಿತ್ತು, ಕೊಟ್ಟ. "ಉಳಿದದ್ದು ಸಂಜಿಗೆ ಕೊಡತೀನಿ" ಅಂದಳು. ಕೊಡುತ್ತಾಳೆ ಕೂಡ. ಕಿಟಕಿಯ ಕಟ್ಟೆಯ ಮೇಲೆ ಚಿಲ್ಲರೆ ಇಟ್ಟಿರುತ್ತಾಳೆ, ಒಂದು ರೂಪಾಯಿಯೂ ಹೆಚ್ಚುಕಡಿಮೆ ಆಗಿರುವುದಿಲ್ಲ. ಇಟ್ಟುಕೋ ಎಂದು ಹೇಳಬೇಕೆಂದು ಪ್ರತಿಸಲ ಅಂದುಕೊಳ್ಳುತ್ತಾನೆ, ಹೇಳಿದರೆ ಕೊಟ್ಟವನಾಗುತ್ತೇನೆಂದು ಸುಮ್ಮನಾಗುತ್ತಾನೆ. ಅವರ ಮನೆಮಾತು ಉರ್ದು. ಮರಿಯಮ ಹುಟ್ಟಿ ಬೆಳೆದದ್ದು ಖಾನಾಪುರದಲ್ಲಿ, ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು, ಓಣಿಯಲ್ಲಿ ಮರಾಠಿ. ಮೂರೂ ಭಾಷೆಯಲ್ಲಿ ಜಗಳವಾಡಬಲ್ಲಳು ಎಂದು ಮದುವೆಯಾದ ಹೊಸತರಲ್ಲಿ ಅವನು ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಿದ್ದ. ಈಗ ಕೆಲವು ವರ್ಷಗಳಿಂದ ಅವಳು ಅವನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದಳು, ಅಂಗಡಿಯವರ ಸಂಗಡ ಆಡುವ ಹಾಗೆ, ರೀ ಹಚ್ಚಿ, ಬೇಕಾದಷ್ಟೇ. ಯಾವತ್ತಿನಿಂದ ಶುರುವಾಯಿತು ಎಂದು ಕೇಳಿದರೆ ಅವನಿಗೆ ತಾರೀಖು ಹೇಳಲು ಬರುವುದಿಲ್ಲ. ಜಗಳವೇನೂ ಆಗಿರಲಿಲ್ಲ.

ಬೆಳಗಾವಿಯ ಮಹಾಂತೇಶ ನಗರದಲ್ಲಿ ಅವಳ ಅಪ್ಪ ಅವಳ ಹೆಸರಿಗೆ ಮಾಡಿಕೊಟ್ಟ ಎರಡು ಖೋಲಿಗಳಿದ್ದವು. ಹಂಚಿನ ಮಾಡು, ಎರಡಕ್ಕೂ ಬೇರೆ ಬೇರೆ ಬಾಗಿಲು, ನಡುವೆ ಒಂದು ನಳ. ಮುಂದಿನ ಖೋಲಿಯಲ್ಲಿ ಪದ್ಮವ್ವ ಎನ್ನುವ ಆಸ್ಪತ್ರೆಯ ಆಯಾ ಹನ್ನೊಂದು ವರ್ಷ ಇದ್ದಳು, ಹಿಂದಿನದರಲ್ಲಿ ಯಾರು ಯಾರೋ ಬಂದು ಹೋಗುತ್ತಿದ್ದರು. ಪ್ರತಿ ತಿಂಗಳು ಐದನೆಯ ತಾರೀಖಿಗೆ ಪದ್ಮವ್ವ ಬಾಡಿಗೆ ಹಿಡಿದುಕೊಂಡು ಇಲ್ಲಿಗೇ ಬರುತ್ತಿದ್ದಳು. ಬಂದವಳು ಎರಡು ತಾಸು ಏಳುತ್ತಿರಲಿಲ್ಲ. ನಳ ಸೋರುವುದರಿಂದ ಹಿಡಿದು ಯಾವ ಡಾಕ್ಟರು ಯಾವ ನರ್ಸಿಗೆ ಏನಂದ ಎಂಬಲ್ಲಿಗೆ ಮಾತು ಮುಟ್ಟುತ್ತಿತ್ತು, ಮರಿಯಮ ಬಿದ್ದು ಬಿದ್ದು ನಗುತ್ತಿದ್ದಳು. ಖಡೇಬಜಾರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಶಬ್ಬೀರನ ಗಳಿಕೆಯಲ್ಲಿ ಮನೆ ನಡೆಯುತ್ತಿತ್ತು. ಬಾಡಿಗೆ ಮಾತ್ರ ಅವಳ ಕೈಗೇ. ಅದರಲ್ಲಿ ಅವಳು ತಂಗಿಯ ಮಗಳಿಗೆ ಚಷ್ಮಾ ಮಾಡಿಸಿದ್ದಳು, ಒಂದು ಸಲ ಯಾರಿಗೂ ಹೇಳದೆ ಅಜ್ಮೇರಕ್ಕೆ ಹೋಗುವ ನೆರೆಮನೆಯ ಮುದುಕಿಗೆ ರೈಲಿನ ಖರ್ಚು ಕೊಟ್ಟಿದ್ದಳು, ಹಠಕ್ಕೆ ಬಿದ್ದು ಒಂದು ನೀಲಿ ಫ್ರಿಜ್ಜು ತಂದಿದ್ದಳು. ಆ ದಿನಗಳಲ್ಲಿ ಶಬ್ಬೀರನ ಅಂಗಡಿಗೆ ಬರುವ ದರ್ಜಿಗಳ ಬಾಯಲ್ಲಿ ಕೂಡ ಜಾಗದ್ದೇ ಮಾತು. ಇಂಥವನು ಖಾನಾಪುರದ ಕಡೆ ನಾಲ್ಕು ಗುಂಟೆ ಹಿಡಿದ, ಮೂರು ವರ್ಷಕ್ಕೆ ಎರಡು ಪಟ್ಟಾಯಿತು, ರಸ್ತೆ ಅಗಲವಾಗುತ್ತದೆ, ಗೋವಾದವರು ಬರುತ್ತಾರೆ. ಬಾಡಿಗೆ ಬಂದ ತಿಂಗಳೇ ಮುಗಿದುಹೋಗುತ್ತದೆ, ಜಾಗ ನಾವು ಮಲಗಿದಾಗಲೂ ಬೆಳೆಯುತ್ತದೆ ಎಂದು ಶಬ್ಬೀರ ಅವಳಿಗೆ ಹೇಳಿದ್ದ. ಆ ಮಾತು ಅವನದಲ್ಲ, ಜಾಗ ತೋರಿಸಿದ ಏಜೆಂಟನದು. ಆದರೆ ಹೇಳುವಾಗ ತನ್ನದೇ ಅನಿಸಿತ್ತು. ಅವಳು ಒಂದು ತಿಂಗಳು ಯೋಚಿಸಿ ಸಹಿ ಮಾಡಿದಳು. ಖೋಲಿಗಳನ್ನು ಯಲ್ಲೇಶ ಎಂಬ ಗುತ್ತಿಗೆದಾರ ಕೊಂಡ, ಆ ದುಡ್ಡಿಗೆ ಗುಂಜಿಯ ಜಾಗ ಬಂತು. ಪದ್ಮವ್ವ ಈಗಲೂ ಅಲ್ಲೇ ಇದ್ದಾಳೆ, ಯಲ್ಲೇಶನಿಗೆ ಫೋನಿನಿಂದ ಬಾಡಿಗೆ ಕಳಿಸುತ್ತಾಳೆ.

ಆ ಯಲ್ಲೇಶನೇ ಹೋದ ತಿಂಗಳು ಅಂಗಡಿಗೆ ಬಂದು, ಕೈ ತುಸು ಬಿಗಿಯಾಗಿದೆ, ಹಿಂದಿನ ಖೋಲಿ ಮಾರುತ್ತೇನೆ, ನೀವು ಮೊದಲಿನ ಮಾಲೀಕರು, ನಿಮಗೇ ಮೊದಲು ಹೇಳುತ್ತಿದ್ದೇನೆ, ಏಪ್ರಿಲ್ ಕೊನೆಯವರೆಗೆ ಕಾಯುತ್ತೇನೆ ಅಂದಿದ್ದ. ಅವತ್ತು ಶಬ್ಬೀರನಿಗೆ ಅಳು ಬಂದಂತಾಗಿತ್ತು. ಗುಂಜಿಯ ಜಾಗ ಬಂದ ಬೆಲೆಗೆ ಮಾರಿದರೂ ಆ ಒಂದು ಖೋಲಿ ಬರುತ್ತದೆ. ಒಂದು ಖೋಲಿ ಬಂದರೆ ಬಾಡಿಗೆ ಮತ್ತೆ ಅವಳ ಕೈಗೆ ಬರುತ್ತದೆ, ಬಾಡಿಗೆ ಬಂದರೆ ಅವಳು ಮತ್ತೆ ಮಾತಾಡುತ್ತಾಳೆ. ಲೆಕ್ಕ ಇಷ್ಟೇ ಇತ್ತು. ಮರಿಯಮಳಿಗೆ ಇದನ್ನಿನ್ನೂ ಹೇಳಿರಲಿಲ್ಲ. ಒಮ್ಮೆ ಆಸೆ ತೋರಿಸಿ ಕಳೆದವನು, ಇನ್ನೊಮ್ಮೆ ಕೈಯಲ್ಲಿ ಹಿಡಿದೇ ತೋರಿಸಬೇಕೆಂದು ಅಂದುಕೊಂಡಿದ್ದ.

ಗುರುಪುತ್ರಪ್ಪನ ಕಾರು ಶಿವಬಸವ ನಗರದಿಂದ ಬಂದು ಓಣಿಯ ಬಾಯಿಗೆ ನಿಂತಿತು. ನಲವತ್ತೈದರ ಆಸುಪಾಸಿನ ಮನುಷ್ಯ, ಹಾರ್ಡ್‌ವೇರ್ ಅಂಗಡಿ ತಮ್ಮನಿಗೆ ಬಿಟ್ಟು ಜಾಗದ ವ್ಯವಹಾರಕ್ಕೆ ಇಳಿದವನು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. "ಬರ್ರಿ ಶಬ್ಬೀರಭಾಯ್, ಮುಂದ ಕುಂದರ್ರಿ" ಎಂದು ಬಾಗಿಲು ತೆರೆದ. ಕಾರಿನೊಳಗೆ ತಣ್ಣಗಿತ್ತು. ಶಬ್ಬೀರ ಬೂಟು ಹಾಕಿದ ಕಾಲುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹತ್ತಿರ ಹತ್ತಿರ ಜೋಡಿಸಿಕೊಂಡು ಕುಳಿತ. ದೇಸೂರು ದಾಟುವವರೆಗೆ ಗುರುಪುತ್ರಪ್ಪ ಫೋನಿನಲ್ಲೇ ಇದ್ದ. ಯಾರಿಗೋ ತಗೊ ಅನ್ನುತ್ತಿದ್ದ, ಯಾರಿಗೋ ತಡಿ ಅನ್ನುತ್ತಿದ್ದ. ಫೋನು ಇಟ್ಟ ಮೇಲೆ, "ನಿಮ್ಮ ಕಡೆ ಮತ್ತೇನೇನ್ ಅದಾವ್ರಿ?" ಎಂದು ಕೇಳಿದ. ಇಷ್ಟೇ ಎಂದು ಹೇಳಲು ಶಬ್ಬೀರನಿಗೆ ಅವಮಾನವಾಯಿತು. "ಮೊದಲ ಮಹಾಂತೇಶ ನಗರದಾಗ ಎರಡು ಖೋಲಿ ಇದ್ದೂರಿ, ಬಾಡಿಗಿ ಬರತಿತ್ತು" ಅಂದ.

"ಕೊಟ್ಟು ಚಲೋ ಮಾಡಿದ್ರಿ ಬಿಡ್ರಿ" ಅಂದ ಗುರುಪುತ್ರಪ್ಪ. "ಬಾಡಿಗಿ ಅಂದ್ರ ದಿನಾ ಒಂದು ಕಿರಿಕಿರಿ. ನಳ ಸೋರತೈತಿ ಅಂತ ಫೋನ್, ಬಣ್ಣ ಹಚ್ಚಸ್ರಿ ಅಂತ ಫೋನ್. ತಿಂಗಳಿಗೆ ಮೂರೂವರಿ ಸಾವಿರಕ್ಕ ಮಂದಿ ಮಾರಿ ನೋಡಬೇಕು. ಜಾಗ ಹಂಗಲ್ರಿ. ಸುಮ್ಮನ ಬಿದ್ದಿರತೈತಿ. ಊಟಾ ಕೇಳೂದಿಲ್ಲ, ಮಾತಾಡೂದಿಲ್ಲ."

ಮಾತಾಡೂದಿಲ್ಲ. ಒಂಬತ್ತು ವರ್ಷದ ಹಿಂದೆ ತಾನೂ ಹೆಚ್ಚುಕಡಿಮೆ ಹೀಗೇ ಹೇಳಿದ್ದನಲ್ಲ ಎಂದು ಶಬ್ಬೀರ ಕಿಟಕಿಯ ಕಡೆ ತಿರುಗಿದ. ಖಾನಾಪುರದಲ್ಲಿ ಚಹಾಕ್ಕೆ ಇಳಿದರು. ಎರಡು ಚಹದ ದುಡ್ಡು ತಾನೇ ಕೊಡಬೇಕೆಂದು ಶಬ್ಬೀರ ಕಿಸೆಗೆ ಕೈ ಹಾಕಿದಾಗ, ಗಿರಣಿಗೆ ಕೊಟ್ಟ ನೂರು ರೂಪಾಯಿ ನೆನಪಾಗಿ ಕೈ ಅರೆಗಳಿಗೆ ನಿಂತಿತು. ಅಷ್ಟರಲ್ಲಿ ಗುರುಪುತ್ರಪ್ಪ ಕೊಟ್ಟಾಗಿತ್ತು. ಕೈ ನಿಂತದ್ದನ್ನು ಅವನು ನೋಡಿದನೋ ಇಲ್ಲವೋ. ನೋಡಿದ್ದಾನೆ, ಇನ್ನು ದರ ಇಳಿಸುತ್ತಾನೆ ಎಂದು ಶಬ್ಬೀರ ಗುಂಜಿ ಬರುವ ತನಕ ಅದನ್ನೇ ಮೆಲುಕು ಹಾಕಿದ. ಖಾನಾಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಾಡು ಹತ್ತಿರವಾಗುತ್ತ ಬಂತು.

ಲೇಔಟಿನ ಹೆಸರಿದ್ದ ಕಬ್ಬಿಣದ ಫಲಕ ಬೋರಲು ಬಿದ್ದಿತ್ತು. ಸುತ್ತ ಇಪ್ಪತ್ತೆಂಟು ಪ್ಲಾಟುಗಳು, ಒಂದೂ ಮನೆಯಿಲ್ಲ. ಗಡಿಯ ಕಲ್ಲುಗಳು ಮಾತ್ರ ಸಾಲಾಗಿ ನಿಂತಿದ್ದವು. ಎಲ್ಲವಕ್ಕೂ ಮಾಲೀಕರಿದ್ದರು, ಬೆಳಗಾವಿಯಲ್ಲಿ, ಹುಬ್ಬಳ್ಳಿಯಲ್ಲಿ, ಪೊಂಡಾದಲ್ಲಿ. ಎಲ್ಲರೂ ಬೆಲೆ ಏರುವುದನ್ನು ಕಾಯುತ್ತಿದ್ದರು, ಯಾರೂ ಇಲ್ಲಿ ಇರಲು ಬರುವವರಲ್ಲ. ಒಂಬತ್ತು ವರ್ಷದ ಹಿಂದಿನ ಮೇ ತಿಂಗಳಲ್ಲಿ ಶಬ್ಬೀರ ಇಲ್ಲಿಗೆ ಬಂದಾಗ ಏಜೆಂಟು ಫೋನಿನಲ್ಲಿ ಮಾತಾಡುತ್ತ ದೂರ ಹೋಗಿದ್ದ. ಹೊಲದ ಮೊದಲಿನ ಒಡೆಯ ಭರಮಣ್ಣ, ತಲೆಗೆ ವಸ್ತ್ರ ಸುತ್ತಿಕೊಂಡ ಮುದುಕ, ಬದುವಿನ ಮೇಲೆ ಕೋಲು ಊರಿ ನಿಂತಿದ್ದ. ಮರಿಯಮ ಅಷ್ಟು ದೂರದಲ್ಲಿ ಹಲಸಿನ ಮರದ ನೆರಳಿಗೆ ಕುಳಿತಿದ್ದಳು. "ಯಾವ್ದು ಖಾಲಿ ಐತ್ರಿ?" ಎಂದು ಶಬ್ಬೀರ ಕೇಳಿದ. ಮಾರಾಟವಾಗದೆ ಉಳಿದದ್ದು ಯಾವುದು ಎಂಬುದು ಅವನ ಪ್ರಶ್ನೆ. ಭರಮಣ್ಣ ಕೋಲು ಎತ್ತಿ ತೋರಿಸಿ, "ಹೀ ಖಾಲಚಿ" ಅಂದ. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಯಾವುದು ಕೆಳಗಿದೆ ಎಂದು ಇವನು ಕೇಳಿದ ಹಾಗೆ ಮುದುಕನಿಗೆ ಕೇಳಿಸಿತ್ತು, ಇದು ಕೆಳಗಿನದು ಎಂದು ಆತ ಪ್ರಾಮಾಣಿಕವಾಗಿ ತೋರಿಸಿದ್ದ. ಶಬ್ಬೀರನಿಗೆ ಕೇಳಿಸಿದ್ದು, ಇದು ಖಾಲಿ ಇದೆ. ಬಾಜೂದ ಪ್ಲಾಟುಗಳಿಗಿಂತ ಇದರ ದರ ಯಾಕೆ ಕಡಿಮೆ ಎಂಬ ಸಂಶಯ ಬಂದಿತ್ತು, ಅದನ್ನು ತನ್ನ ನಸೀಬು ಎಂದು ತಿಳಿದ. ಮೋಸ ಯಾರೂ ಮಾಡಿರಲಿಲ್ಲ. ಇದೇ ಅವನಿಗೆ ತಡೆಯಲಾರದ ಸಂಗತಿಯಾಗಿತ್ತು.

ಆ ವರ್ಷ ಆಗಸ್ಟಿನಲ್ಲಿ ಒಬ್ಬನೇ ನೋಡಲು ಬಂದ. ಬೇಲಿ ಹಾಕಿಸಬೇಕೆಂದು ಟೇಪು ತಂದಿದ್ದ. ಅವನ ಜಾಗದಲ್ಲಿ ಎರಡು ಎಮ್ಮೆಗಳು ಕುತ್ತಿಗೆಯವರೆಗೆ ನೀರಲ್ಲಿ ಮುಳುಗಿ ಮೆಲುಕು ಹಾಕುತ್ತ ಮಲಗಿದ್ದವು. ನಾಲ್ಕು ಗಡಿಕಲ್ಲುಗಳಲ್ಲಿ ಒಂದರ ತಲೆ ಮಾತ್ರ ಕಾಣುತ್ತಿತ್ತು. ಕೊಡೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದನೋ, ಆ ದಾರಿಯಲ್ಲಿ ಹೋಗುತ್ತಿದ್ದ ಯಾರೋ, "ಹೀ ಖಾಲಚಿ ಜಾಗಾ, ಇಥಂ ಪಾಣಿ ರಾಹತಂಚ" ಎಂದು, ಕೆಳಗಿನ ಜಾಗದಲ್ಲಿ ನೀರು ನಿಲ್ಲುವುದೇ ಎಂಬಂತೆ ಹೇಳಿ ಮುಂದೆ ಹೋದಾಗ ಆ ಶಬ್ದ ಅವನ ತಲೆಯೊಳಗೆ ಬಿತ್ತು. ಖಾಲಚಿ. ದಿನಾ ಅಂಗಡಿಯಲ್ಲಿ ಹತ್ತು ಗಿರಾಕಿಗಳ ಸಂಗಡ ಮರಾಠಿ ಆಡುವವನು ಅವನು. ಬಾಬಿನ್ನು ಕೂರುವ ಕೆಳಗಿನ ಭಾಗಕ್ಕೆ ಖಾಲಚಾ ಭಾಗ ಎಂದು ಅವನೇ ಹೇಳುತ್ತಾನೆ. ಹಾಗಾದರೆ ಅವತ್ತು ಯಾಕೆ ಕೇಳಿಸಲಿಲ್ಲ? ಅಥವಾ ಕೇಳಿಸಿತ್ತೇನು, ಕೇಳಿಸಿದ್ದನ್ನು ಆಸೆ ನುಂಗಿಹಾಕಿತೇನು? ಮುದುಕ ಕೊನೆಯ ಅಕ್ಷರವನ್ನು ಬಿಡಿಸಿ ಹೇಳಿದನೇ, ಬಾಯೊಳಗೆ ಮುಕ್ಕಿದನೇ? ಒಂಬತ್ತು ವರ್ಷ ಹಾಸಿಗೆಯಲ್ಲಿ, ಅಂಗಡಿಯಲ್ಲಿ, ನಮಾಜಿನ ಸಾಲಿನಲ್ಲಿ ಕೂಡ ಶಬ್ಬೀರ ಆ ಒಂದು ಅಕ್ಷರವನ್ನು ಮತ್ತೆ ಮತ್ತೆ ಕೇಳಿಸಿಕೊಂಡಿದ್ದ. ಮರಿಯಮಳಿಗೆ ಮಾತ್ರ, ಏಜೆಂಟು ಮೋಸ ಮಾಡಿದ, ನೀರು ನಿಲ್ಲುವುದನ್ನು ಮುಚ್ಚಿಟ್ಟ ಎಂದು ಹೇಳಿದ. "ಹೌದಾ" ಅಂದಿದ್ದಳು ಅವಳು. ಬೈಯಲಿಲ್ಲ, ಅಳಲಿಲ್ಲ, ಮುಂದೆ ಏನು ಎಂದೂ ಕೇಳಲಿಲ್ಲ.

ಗುರುಪುತ್ರಪ್ಪ ನಾಲ್ಕೂ ಕಲ್ಲು ಮುಟ್ಟಿ ಬಂದ, ಫೋನಿನಲ್ಲಿ ಫೋಟೋ ಹೊಡೆದುಕೊಂಡ, ಕಾಗದಪತ್ರ ನೋಡಿದ, ರಸ್ತೆಗೆ ಎಷ್ಟು ದೂರ ಎಂದು ಹೆಜ್ಜೆ ಹಾಕಿ ಅಳೆದ. ಕೇಳಬಹುದಾದದ್ದನ್ನೆಲ್ಲ ಕೇಳಿದ, ನೀರಿನದೊಂದು ಬಿಟ್ಟು. ಕೇಳಿದರೆ ಹೇಳಲು ಶಬ್ಬೀರ ಒಂದು ಸುಳ್ಳು ತಯಾರು ಮಾಡಿಕೊಂಡಿದ್ದ. ಕೇಳದೆ ಇದ್ದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಬಿಸಿಲಿಗೆ ಬೂಟಿನೊಳಗೆ ಕಾಲು ಬೇಯುತ್ತಿದ್ದವು. ಸುಮ್ಮನಿದ್ದರೆ ಸಾಕು, ಖೋಲಿ ಬಂದಂತೆಯೇ. ಸುಮ್ಮನಿರುವುದು ಸುಳ್ಳಲ್ಲ. ಭರಮಣ್ಣ ಸುಮ್ಮನೆ ಕೂಡ ಇರಲಿಲ್ಲ, ಹೇಳಿದ್ದ. ತಾನು ಆ ಹಳ್ಳಿಯ ಮುದುಕನಿಗಿಂತ ಕಡೆಯಾದೆನೇ ಎಂದು ಅನಿಸಿತು, ಅನಿಸುವಷ್ಟರಲ್ಲಿ ಬಾಯಿ ತೆರೆದುಕೊಂಡಿತ್ತು.

"ಸಾವ್ಕಾರ್ರ, ಒಂದು ಮಾತ್ರಿ. ಮಳಿಗಾಲದಾಗ ಇಲ್ಲಿ ನೀರು ನಿಂದರತೈತ್ರಿ. ಮೊಣಕಾಲಮಟ. ದಸರಾತನಕ ಇಳಿಯೂದಿಲ್ಲ."

ಹೇಳಿ ಮುಗಿಸಿದಾಗ ಎದೆ ಹಗುರಾಯಿತು, ಹಿಂದೆಯೇ ಇನ್ನೊಂದು ಹೊಳೆಯಿತು. ಖೋಲಿ ಹೋಯಿತು. ಮರಿಯಮಳ ಮುಖ ಕಣ್ಣ ಮುಂದೆ ಬಂತು. ಗುರುಪುತ್ರಪ್ಪ ಅವನನ್ನು ಒಂದು ಕ್ಷಣ ನೋಡಿ ಜೋರಾಗಿ ನಕ್ಕುಬಿಟ್ಟ.

"ಇಷ್ಟ ಏನು? ಬೆಳಗ್ಗಿಂದ ಮಾರಿ ಸಣ್ಣದ ಮಾಡಕೊಂಡು ಕುಂತಿದ್ರಿ, ನಾ ಏನೋ ಕೋರ್ಟ್ ಕೇಸ್ ಐತಿ ಅಂತ ತಿಳಕೊಂಡಿದ್ನಿ. ಇದು ಖಾಲಚಿ ಜಾಗಾ ಅಂತ ನನಗ ಗೊತ್ತೈತ್ರಿ. ಅದಕ್ಕ ಈ ದರಕ್ಕ ಬಂದೇನಿ."

"ಮತ್ತ ಮನಿ ಹೆಂಗ ಕಟ್ತೀರಿ?"

"ಮನಿ ಯಾರು ಕಟ್ಟತಾರ್ರಿ ಇಲ್ಲಿ? ಮುಂದಿನ ಮಾರ್ಚದೊಳಗ ಇನ್ನೊಬ್ಬಾಂವಗ ತೋರಸತೀನಿ, ಆಂವ ಮತ್ತೊಬ್ಬಾಂವಗ. ನಿಮ್ಮ ತಪ್ಪು ಏನ್ ಗೊತ್ತೇನ್ರಿ ಶಬ್ಬೀರಭಾಯ್? ನೀವು ಮಳಿಗಾಲದಾಗ ಬಂದು ನೋಡಿದ್ರಿ. ಜಾಗ ತಗೊಂಡಾಂವ ಮಳಿಗಾಲದಾಗ ನೋಡಾಕ ಬರಬಾರದು."

ಕಾರಿನ ಬಾನೆಟ್ಟಿನ ಮೇಲಿಟ್ಟು ಸಂಚಕಾರದ ಕಾಗದ ಬರೆದರು, ಮುಂಗಡದ ಲಕೋಟೆ ಶಬ್ಬೀರನ ಕೈಗೆ ಬಂತು. ಮುಂದಿನ ವಾರ ನೋಂದಣಿ. ಇನ್ನೊಂದು ಜಾಗ ನೋಡಲು ಲೋಂಡಾದ ಕಡೆ ಹೋಗಬೇಕೆಂದು ಗುರುಪುತ್ರಪ್ಪ ಹೊರಟ, ನಿಮಗ ರೈಲು ಐತಲ್ರಿ ಅಂದ. ಶಬ್ಬೀರ ಅಲ್ಲೇ ನಿಂತ. ಸಂತೋಷವಾಗಬೇಕಿತ್ತು. ಒಂಬತ್ತು ವರ್ಷ ಹೊತ್ತುಕೊಂಡು ತಿರುಗಿದ ಗುಟ್ಟನ್ನು ಜೀವ ಗಟ್ಟಿ ಮಾಡಿಕೊಂಡು ಹೇಳಿದರೆ, ಕೇಳಿದವನು ಅದರ ಬೆಲೆಯನ್ನು ಮೊದಲೇ ಕಳೆದು ಲೆಕ್ಕ ಮಾಡಿದ್ದ. ಇವನ ಪ್ರಾಮಾಣಿಕತೆಯಿಂದ ಯಾರಿಗೂ ಒಂದು ಪೈಸೆಯ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ಆ ಬಯಲಿನಲ್ಲಿ ನಿಂತಾಗ ತಾನು ಬಹಳ ಒಂಟಿ ಎಂದು ಅವನಿಗೆ ಅನಿಸಿತು.

ಹಲಸಿನ ಮರದ ಕೆಳಗೆ ಒಬ್ಬ ಮುದುಕಿ ಮೂರು ಆಡು ಮೇಯಿಸುತ್ತ ಕುಳಿತಿದ್ದಳು. ಅವನನ್ನು ಗುರುತು ಹಿಡಿದವಳು ಅವಳೇ. ಭರಮಣ್ಣನ ಹೆಂಡತಿ ಅಕ್ಕವ್ವ. ಭರಮಣ್ಣ ಹೋಗಿ ಎರಡು ವರ್ಷವಾಯಿತಂತೆ. "ಮಾರಿದ್ರೇನ್ರಿ ಜಾಗಾ? ಚಾಂಗಲಂ ಝಾಲಂ, ಚಲೋ ಆತು" ಅಂದಳು. "ನಿಮ್ಮ ಮನಿಯಾಕಿ ಬಂದಿಲ್ಲೇನು? ಭಾಳ ಶಾಣ್ಯಾ ಬಾಯಿ ರೀ ಆಕಿ, ನಮ್ಮ ಖಾನಾಪೂರದಾಕಿ. ಅವತ್ತ ಇಲ್ಲೇ ಕುಂತಿದ್ದಿವಿ. ಹೀ ಜಾಗಾ ಘೇವೂ ನಕಾ, ಆಷಾಢದಾಗ ಎಮ್ಮಿ ಮಲಗತಾವು, ತಗೋಬ್ಯಾಡ್ರಿ ಅಂತ ನಾ ಆಕಿಗೆ ಕೈಹಿಡದು ಹೇಳಿದ್ದೆ. ಹಾಂ ಹಾಂ ಅಂದ್ಲು. ಆಮ್ಯಾಲ ನೀವು ತಗೊಂಡ್ರಿ."

ಗುಂಜಿ ಸ್ಟೇಶನ್ನಿಗೆ ಅವನು ಹೇಗೆ ನಡೆದು ಬಂದನೋ ಅವನಿಗೇ ತಿಳಿಯದು. ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅವಳಿಗೆ ಗೊತ್ತಿತ್ತು. ಆ ಒಂದು ಅಕ್ಷರಕ್ಕಾಗಿ ತಾನು ಒಂಬತ್ತು ವರ್ಷ ಜೀವ ತೇಯ್ದುಕೊಂಡರೆ, ಇವಳು ಮರದ ಕೆಳಗೆ ಕುಳಿತು, ಕೈಹಿಡಿಸಿಕೊಂಡು, ಎಲ್ಲವನ್ನೂ ತಿಳಿದುಕೊಂಡಿದ್ದಳು, ಬಾಯಿ ಬಿಡಲಿಲ್ಲ. ಏಜೆಂಟು ಮೋಸ ಮಾಡಿದ ಎಂದಾಗ ಹೌದಾ ಅಂದಳಲ್ಲ! ಎಂಥ ಕಲ್ಲು ಎದೆ. ತಾನು ಮುಳುಗುವುದನ್ನು ನೋಡುತ್ತ ಕುಳಿತವಳು. ಶಬ್ಬೀರನಿಗೆ ಸಿಟ್ಟು ಬಂತು, ಆ ಸಿಟ್ಟಿನ ಕೆಳಗೇ ಒಂದು ಸುಖವೂ ಇತ್ತು, ಅದನ್ನು ಅವನು ಗುರುತಿಸದೆ ಇರಲಿಲ್ಲ. ಇಷ್ಟು ವರ್ಷ ತಪ್ಪು ಅವನೊಬ್ಬನ ಪಾಲಿಗಿತ್ತು. ಈಗ ಅರ್ಧ, ಅರ್ಧಕ್ಕಿಂತ ಹೆಚ್ಚು, ಅವಳ ಕಡೆ ದಾಟಿತ್ತು. ಈ ಸಂಜೆ ಅವಳ ಮುಂದೆ ನಿಂತು ಕೇಳುತ್ತಾನೆ. ಅವಳು ತಲೆ ತಗ್ಗಿಸುತ್ತಾಳೆ. ಆಮೇಲೆ ದೊಡ್ಡ ಮನಸ್ಸು ಮಾಡಿ ಖೋಲಿಯ ಸುದ್ದಿ ಹೇಳುತ್ತಾನೆ. ಇಡ್ಲಿ ಮಾರುವವನು ಬಂದ, ಎರಡು ತಗೊಂಡು ತಿಂದ. ಬಹಳ ದಿನಗಳ ನಂತರ ಹಸಿವೆಯಾಗಿತ್ತು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮರಿಯಮ ಬೀಸಿ ತಂದ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು. ಅವನು ಲಕೋಟೆಯನ್ನು ಅವಳ ಮುಂದೆ ಇಟ್ಟ.

"ಜಾಗ ಮಾರಿದೆ."

"ಹೌದಾ" ಅಂದಳು.

"ಅಕ್ಕವ್ವ ಸಿಕ್ಕಿದ್ಲು."

ಜರಡಿ ನಿಂತಿತು. "ಹೆಂಗದಾಳ್ರಿ? ಮುದುಕ?"

"ಮುದುಕ ಹೋದ." ಅವಳು ತುಟಿಯಲ್ಲೇ ದುವಾ ಅಂದುಕೊಳ್ಳುವವರೆಗೂ ಅವನಿಗೆ ತಾಳ್ಮೆಯಿರಲಿಲ್ಲ. "ಆಕಿ ನಿನಗ ಅವತ್ತ ಹೇಳಿದ್ಲಂತ. ನೀರು ನಿಂದರತೈತಿ, ತಗೋಬ್ಯಾಡ್ರಿ ಅಂತ. ಎಲ್ಲಾ ಗೊತ್ತಿದ್ದೂ ಒಂಬತ್ತು ವರ್ಷ ಸುಮ್ಮನ ಕುಂತಿ ನೀ."

ಮರಿಯಮ ತಲೆ ತಗ್ಗಿಸಲಿಲ್ಲ. ಎತ್ತಿ ನೋಡಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಸುಮ್ಮನ ಎಲ್ಲಿ ಕುಂತೆನ್ರಿ? ನಿಮಗ ಹೇಳಿದ್ನಲ್ಲ. ಬಸ್ಸಿನ್ಯಾಗ."

"ಯಾವ ಬಸ್ಸು?"

"ವಾಪಸ್ ಬರೂಮುಂದ. ಗುಂಜಿಯಿಂದ ಖಾನಾಪೂರ ಸ್ಟ್ಯಾಂಡ್ ಬರೂತನಕ ಹೇಳಿದೆ. ಅಕ್ಕವ್ವ ಹಿಂಗಂತಾಳ, ನನ್ನ ಅಪ್ಪಾರ ಖೋಲಿ ಕೊಟ್ಟು ಇದನ್ನ ತಗೋಳೂದು ಬ್ಯಾಡ ಅಂದೆ. ನೀವು ಹೂಂ ಅಂದ್ರಿ."

"ನಾ ಹೂಂ ಅಂದೆ?"

"ಹೂಂ ಹೂಂ ಅನಕೋತ ಬಂದ್ರಿ. ಮರುದಿನ ಹೋಗಿ ಮುಂಗಡ ಕೊಟ್ರಿ. ತಿಳದ ತಗೋಳಾಕತ್ತಾರ, ಇವರ ಲೆಕ್ಕ ಬ್ಯಾರೇ ಏನೋ ಇರಬೇಕು ಅಂತ ಸಹಿ ಮಾಡಿದೆ. ಆಮ್ಯಾಲ ಬಂದು ಏಜೆಂಟ್ ಮೋಸ ಮಾಡಿದ ಅಂದ್ರಿ. ನನ್ನ ಮುಂದನ ಅಂದ್ರಿ. ನಾ ಏನಂತ ಮಾತಾಡ್ಲಿ?"

ಶಬ್ಬೀರ ಆ ಬಸ್ಸನ್ನು ನೆನಪಿಸಿಕೊಂಡ. ಬಸ್ಸು ಸ್ಪಷ್ಟವಾಗಿಯೇ ಬಂತು. ಹರಿದ ಹಸಿರು ಸೀಟು, ಬುಟ್ಟಿಯಲ್ಲಿ ಸೌತೆಕಾಯಿ ಮಾರುತ್ತಿದ್ದವಳು, ಟಿಕೀಟಿನ ಹಿಂದೆ ತಾನು ಪೆನ್ನಿನಿಂದ ಬರೆದ ಲೆಕ್ಕ, ಐದು ವರ್ಷಕ್ಕೆ ಎಷ್ಟು, ಹತ್ತು ವರ್ಷಕ್ಕೆ ಎಷ್ಟು, ಹತ್ತರ ಮುಂದಿನ ಸೊನ್ನೆಗಳು. ಎಡಗಡೆ ಮರಿಯಮ ಕುಳಿತಿದ್ದಳು. ಅವನ ಕಡೆ ವಾಲಿದ್ದಳು, ತುಟಿ ಅಲುಗುತ್ತಿದ್ದವು. ಅದೂ ಬಂತು. ಧ್ವನಿ ಮಾತ್ರ ಬರಲಿಲ್ಲ. ಬದುವಿನ ಮೇಲೆ ನಿಂತ ಮುದುಕನ ಒಂದು ಅಕ್ಷರವನ್ನು ಒಂಬತ್ತು ವರ್ಷ ಕಿವಿಗೆ ಹಿಡಿದು ಪರೀಕ್ಷಿಸಿದವನ ತಲೆಯಲ್ಲಿ ಹೆಂಡತಿಯ ಅರ್ಧ ತಾಸಿನ ಮಾತು ಒಂದೂ ಉಳಿದಿರಲಿಲ್ಲ. ಮರೆತದ್ದಲ್ಲ. ಒಳಗೇ ಬಂದಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕುಳಿತ. ತಪ್ಪಾಯಿತು ಎಂದು ಹೇಳಬೇಕೆಂದರೆ ಯಾವುದಕ್ಕೆ ಎಂದು ಶುರುಮಾಡಬೇಕೋ ತಿಳಿಯಲಿಲ್ಲ. ಕೈಯಲ್ಲಿ ಉಳಿದದ್ದು ಒಂದೇ ಇತ್ತು, ಅದನ್ನು ಈಗಲೇ ಕೊಟ್ಟುಬಿಡಬೇಕೆಂದು ಅವಸರವಾಯಿತು.

"ಯಲ್ಲೇಶ ಹಿಂದಿನ ಖೋಲಿ ಕೊಡತೇನಿ ಅಂದಾನ. ಈ ರೊಕ್ಕಕ್ಕ ಅದು ಬರತೈತಿ. ನಿನ್ನ ಹೆಸರಿಗೆ ಮಾಡಸತೀನಿ. ಬಾಡಿಗಿ ಮೊದಲಿನಂಗ ನಿನ್ನ ಕೈಗೇ."

ಮರಿಯಮ ಜರಡಿಯನ್ನು ಕೆಳಗಿಟ್ಟಳು. "ಖರೇ ಹೇಳ್ತೀರೇನು?" ಅಂದಳು. ಮುಖ ಬದಲಾಗಿತ್ತು. ಆ ಮುಖಕ್ಕಾಗಿ ಅವನು ಇಷ್ಟು ವರ್ಷ ಕಾದಿದ್ದ, ಈಗ ಅದು ಎದುರಿಗೇ ಇತ್ತು, ಹಣೆಗೆ ಹಿಟ್ಟು ಹತ್ತಿದ, ಕಣ್ಣಿನಲ್ಲಿ ನೀರು ತುಂಬಿದ ಮುಖ. "ಖರೇನ" ಅಂದ.

"ಬಾಡಿಗಿಗೆ ಕೊಡೂದಿಲ್ಲ" ಅಂದಳು ಮರಿಯಮ. "ಅಲ್ಲಿ ನಾನ ಇರತೀನಿ."

ಮೊದಲು ಅವನಿಗೆ ಅರ್ಥವಾಗಲಿಲ್ಲ. ನಾವು ಇಬ್ಬರೂ ಅಷ್ಟು ಸಣ್ಣ ಖೋಲಿಯಲ್ಲಿ ಹೇಗೆ ಎಂದು ಲೆಕ್ಕ ಹಾಕಲು ಹೊರಟವನು ನಡುವೆಯೇ ನಿಂತ.

"ಒಬ್ಬಾಕಿನಾ?"

"ಹೂಂ. ಸಿಟ್ಟಿಗೆ ಅನ್ನಾಕತ್ತಿಲ್ರಿ. ಭಾಳ ದಿನದಿಂದ ಅನಸತಿತ್ತು, ಜಾಗ ಇರಲಿಲ್ಲ."

ಬೇಡ ಅನ್ನಬಹುದಿತ್ತು. ಖೋಲಿ ಕೊಳ್ಳುವುದನ್ನೇ ಬಿಡಬಹುದಿತ್ತು, ಲಕೋಟೆ ಇನ್ನೂ ಇಬ್ಬರ ನಡುವೆಯೇ ಇತ್ತು. ಅವನು ಅದನ್ನು ಅವಳ ಕಡೆಗೆ ಸರಿಸಿದ. ಮರಿಯಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮಾತಾಡತೊಡಗಿದಳು. ಹಿಂದಿನ ಖೋಲಿಯ ಕಿಟಕಿ ಮೂಡಣಕ್ಕಿದೆ, ಮಂಚ ಅದರ ಕೆಳಗೆ ಹಾಕಬೇಕು. ಹಂಚು ಎರಡು ಕಡೆ ಸೋರುತ್ತದೆ, ಮಳೆ ಬರುವುದರೊಳಗೆ ಯಲ್ಲೇಶನಿಂದಲೇ ಸರಿ ಮಾಡಿಸಿಕೊಳ್ಳಬೇಕು, ಆಮೇಲೆ ಅವನು ಕೈಗೆ ಸಿಗುವುದಿಲ್ಲ. ಮೂಲೆಯಲ್ಲಿ ಒಲೆಗೆ ಒಂದು ಕಟ್ಟೆ. ಪದ್ಮವ್ವಳ ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ಅಡುಗೆ ಮಾಡಿಕೊಡುವವರು ಬೇಕಂತೆ, ಅದನ್ನೂ ಕೇಳಿಟ್ಟಿದ್ದಾಳೆ. ಇಷ್ಟು ಮಾತು ಅವಳು ಅವನೊಂದಿಗೆ ಆಡಿ ಎಷ್ಟೋ ವರ್ಷಗಳಾಗಿದ್ದವು. ಬಾಗಿಲ ಹೊರಗೆ ಓಣಿಯ ದೀಪ ಹತ್ತಿತು. ಶಬ್ಬೀರ ಬೂಟು ಕೂಡ ಬಿಚ್ಚದೆ ಎದುರಿಗೆ ಕುಳಿತು, ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ.